ತಂತಿ ಸುತ್ತಿದ್ದು ಇಲ್ಲೇ

ಗುರುವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ಸಾವಿರ ಮುತ್ತು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ಮೈಗೇನೂ ಆಗಿಲ್ಲ, ಅಪ್ಪನಿಗೂ ಏನೂ ಆಗಿಲ್ಲ, ಅಷ್ಟು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಹರಟುವವಳು ಕಾಗದ ಯಾಕೆ ಬರೆದಳೆಂದು ನಗಬೇಡ. ನಿನ್ನ ಫೋನು, ಅದರೊಳಗಿನ ಸಿಮ್ಮು, ಎರಡೂ ಕಂಪನಿ ಕೊಟ್ಟದ್ದು. ಯಾರೂ ಕದ್ದು ಕೇಳುತ್ತಿರಲಿಕ್ಕಿಲ್ಲ. ಹೆದರಿದವಳಿಗೆ ಹಗ್ಗವೂ ಹಾವಾಗಿ ಕಾಣುತ್ತದೆ, ಗೊತ್ತು. ಆದರೂ ಧೈರ್ಯ ಸಾಲದು. ಪಕ್ಕದ ಮನೆಯ ನರ್ಸಮ್ಮ ಶನಿವಾರ ನೀನಿರುವ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಸೇರಲು ಹೊರಟಿದ್ದಾಳಲ್ಲ, ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಹಾಸ್ಟೆಲಿನ ಊಟದ ಕೋಣೆಯಲ್ಲಿ ಬಿಚ್ಚಬೇಡ. ಒಬ್ಬಳೇ ಇರುವಾಗ ಓದು. ನೀನು ಕಥೆ ಪುಸ್ತಕವನ್ನೂ ಕೊನೆಯ ಪುಟದಿಂದ ಶುರು ಮಾಡುವ ಹುಡುಗಿ, ಇದೊಂದನ್ನು ಮೊದಲಿನಿಂದ ಓದು.

ನನಗೆ ತುಂಬಾ ಭಯವಾಗುತ್ತಿದೆ ಮಗಳೇ. ನಿನ್ನೆ ಹಾಲಿನವನು ಬಂದಾಗ ಅಡುಗೆಮನೆಯ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ನಿಂತಿದ್ದೆ. ಅವನು ಮೂರು ಸಲ ಕೂಗಿ, ಗೊಣಗಿಕೊಂಡು ಹೋದ. ಸಂಜೆ ಅಪ್ಪ ಹಾಲಿಲ್ಲದ ಚಹಾ ಕುಡಿದು, ನಿನಗೇನಾಗಿದೆ ಎಂದು ಕೇಳಿದರು. ತಲೆನೋವು ಎಂದೆ.

ಫ್ಯಾನಿನ ಕಾರ್ಖಾನೆ ನಮ್ಮೂರಿಗೆ ಬಂದಾಗ ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ. ಅದು ಯಾಕೆ ಬಂತು ಎನ್ನುವುದರಲ್ಲೇ ತೊಂದರೆಯ ಬೇರಿದೆ, ಅದಕ್ಕೇ ಹೇಳುತ್ತೇನೆ. ಆಗ ಏಷ್ಯಾದ ನೆರೆಹೊರೆಯ ಕೆಲವು ದೇಶಗಳು ಸೇರಿ ವ್ಯಾಪಾರದ ಒಪ್ಪಂದ ಮಾಡಿಕೊಂಡವು. ವೇದಿಕೆಯ ಮೇಲಿದ್ದವರೆಲ್ಲ ನಾವು ಒಂದೇ ಮನೆಯ ಅಣ್ಣತಮ್ಮಂದಿರು ಎಂದು ಭಾಷಣ ಮಾಡಿದರು. ಅಣ್ಣತಮ್ಮಂದಿರು ಹೇಗಿರುತ್ತಾರೆಂದು ನಿನ್ನ ದೊಡ್ಡಪ್ಪನನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಂದದ ಪ್ರಕಾರ ನಮ್ಮ ದೇಶದಲ್ಲಿ ತಯಾರಾದ ಫ್ಯಾನಿಗೆ ಕೊಳ್ಳುವ ದೇಶದಲ್ಲಿ ಸುಂಕವಿಲ್ಲ. ನೀನೀಗ ಇರುವ ದೇಶದ ಫ್ಯಾನಿಗೆ ಆ ಕೊಳ್ಳುವ ದೇಶದಲ್ಲಿ ಭಾರಿ ಸುಂಕ, ಅವರಿಬ್ಬರಿಗೆ ಏನೋ ಮನಸ್ತಾಪ. ಅದಕ್ಕೇ ನಿಮ್ಮ ಕಂಪನಿ ನಮ್ಮಲ್ಲಿ ಬಂಡವಾಳ ಹೂಡಿ, ಬಸ್ ಡಿಪೋದ ಹಿಂದಿನ ಬಯಲಿನಲ್ಲಿ ಕಾರ್ಖಾನೆ ಕಟ್ಟಿತು. ಮುನ್ನೂರು ಹೆಂಗಸರಿಗೆ ಕೆಲಸ ಸಿಕ್ಕಿತು. ನಿನ್ನ ಓದು ಮುಗಿದದ್ದೂ ಅದರ ಅನ್ನದಿಂದಲೇ, ಉಂಡ ಮನೆಯನ್ನು ನಾನು ಹಳಿಯುವುದಿಲ್ಲ.

ಆದರೆ ಒಪ್ಪಂದದಲ್ಲಿ ಒಂದು ಷರತ್ತಿದೆ. ಮೋಟರಿನೊಳಗಿನ ತಾಮ್ರದ ತಂತಿಯನ್ನು ಇಲ್ಲೇ ಸುತ್ತಿರಬೇಕು. ರೆಕ್ಕೆ, ಜಾಲರಿ, ಕಂಬ ಎಲ್ಲಿಂದ ಬಂದರೂ ಆದೀತು, ತಂತಿ ಸುತ್ತಿದ್ದು ಎಲ್ಲೋ ಫ್ಯಾನು ಅಲ್ಲಿಯದು. ಒಂದೊಂದು ಕಂಟೇನರ್ ಹೊರಟಾಗಲೂ ಹಾಗೆಂದು ಘೋಷಣೆ ಬರೆದ ಒಂದು ಹಾಳೆ ಜೊತೆಗೆ ಹೋಗುತ್ತದೆ, ಅದರ ಕೆಳಗೆ ತಂತಿ ಸುತ್ತುವ ವೈಂಡಿಂಗ್ ಸೆಕ್ಷನ್ನಿನ ಜವಾಬ್ದಾರಿ ಹೊತ್ತವರ ಸಹಿ. ಇಷ್ಟು ವರ್ಷ ಅದು ನನ್ನ ಸಹಿ. ಇಪ್ಪತ್ತು ಮೆಷಿನ್ನು, ಇಪ್ಪತ್ತು ಜೋಡಿ ಕೈ, ನಾನು ಕಣ್ಣಾರೆ ಕಂಡು ಹಾಕಿದ ಸಹಿ. ಹಾಕುವಾಗ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷದಿಂದ ತಂತಿ ಸುತ್ತಿದ ಮೋಟರುಗಳು ನೀನಿರುವ ದೇಶದಿಂದಲೇ ಪೆಟ್ಟಿಗೆಗಳಲ್ಲಿ ಸಿದ್ಧವಾಗಿ ಬರತೊಡಗಿದವು. ಒಂದೊಂದೇ ಮೆಷಿನ್ನಿಗೆ ಮುಸುಕು ಬಿತ್ತು. ಕೊನೆಗೆ ಓಡುತ್ತಿದ್ದದ್ದು ನಾಲ್ಕೇ. ಮ್ಯಾನೇಜರ್ ಇದ್ದಾರಲ್ಲ, ನಮ್ಮ ಸಣ್ಣ ಸಾಹೇಬರು, ನಾಲ್ಕು ದಿನದ ಮಾತು ಎಂದರು. ಆ ನಾಲ್ಕು ದಿನ ಎಂಟು ತಿಂಗಳಾಯಿತು. ಆ ಎಂಟು ತಿಂಗಳೂ ನಾನು ಸಹಿ ಹಾಕಿದೆ ಪುಟ್ಟಿ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಮನಸ್ಸು ತಡೆಯದೆ, ಇನ್ನು ನನ್ನ ಕೈಲಾಗದು ಎಂದುಬಿಟ್ಟೆ. ಸಣ್ಣ ಸಾಹೇಬರು ಒಂದು ಮಾತು ಗದರಲಿಲ್ಲ. "ಬೇಡ ಬಿಡಿಯಮ್ಮ, ನಿಮಗೂ ವಯಸ್ಸಾಯ್ತು, ಈ ಕಾಗದದ ತಲೆನೋವು ನಿಮಗ್ಯಾಕೆ" ಎಂದರು. ಅದೇ ವಾರ ನಿನ್ನನ್ನು ಸೆಕ್ಷನ್ನಿನ ಮೇಲ್ವಿಚಾರಕಿ ಎಂದು ನೇಮಿಸಿ, ಆರು ತಿಂಗಳ ತರಬೇತಿಗೆ ಅಲ್ಲಿಗೆ ಆರಿಸಿದರು. ನೀನು ಬರುವವರೆಗೆ ಸೆಕ್ಷನ್ ನೋಡಿಕೊಳ್ಳುವ ಕೆಲಸ ಮಾತ್ರ ನನಗೇ ಉಳಿಯಿತು. ಮಗಳು ನನ್ನ ಕುರ್ಚಿಗೇ ಬಂದಳು, ಅದಕ್ಕೆ ವಿಮಾನ ಹತ್ತಿ ತರಬೇತಿಗೂ ಹೊರಟಳು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ. ಅವರು ನನ್ನ ಮಾತಿಗೆ ಬೆಲೆ ಕೊಟ್ಟರು ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಹೋದ ಬುಧವಾರ ಕೊಳ್ಳುವ ದೇಶದಿಂದ ತನಿಖೆಗೆ ಬಂದರು. ಒಬ್ಬ ಮೇಡಂ, ನನ್ನದೇ ವಯಸ್ಸು, ಜೊತೆಗೊಬ್ಬ ದುಭಾಷಿ. ಎರಡು ದಿನ ಮೊದಲೇ ನಮಗೆ ಸುದ್ದಿ ಬಂದಿತ್ತು. ಮುಸುಕು ತೆಗೆಸಿದರು, ಹದಿನಾರು ಮೆಷಿನ್ನಿಗೆ ಪ್ಯಾಕಿಂಗ್ ಹುಡುಗಿಯರನ್ನು ಕೂರಿಸಿದರು. ಹ್ಯಾಂಡಲ್ ಹಿಡಿಯುವುದು, ತಂತಿ ಬಿಡುವುದು, ಇಷ್ಟನ್ನು ನಾನೇ ಕಲಿಸಿದೆ. ಹೂಂ, ನಾನೇ. ಮುನ್ನೂರು ಮನೆಯ ಒಲೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟಕ್ಕೇ ಸುಮ್ಮನಿರದೆ, ಹೊರಗಿನವರು ಬರುತ್ತಾರೆಂದು ನೆಲ ಗುಡಿಸಿ ಒರೆಸಿಸಿದೆ, ಕಸದ ಡಬ್ಬಿಗಳನ್ನು ಖಾಲಿ ಮಾಡಿ ತೊಳೆಸಿದೆ. ಮನೆಗೆ ಯಾರಾದರೂ ಬರುತ್ತಾರೆಂದರೆ ನಾನು ಹೇಗೆ ಮೈಮೇಲೆ ಬಂದವಳ ಹಾಗೆ ಗುಡಿಸುತ್ತೇನೆ, ನಿನಗೆ ಗೊತ್ತಲ್ಲ.

ಆ ಮೇಡಂ ಬಾಗಿಲಲ್ಲೇ ನಿಂತರು. ಮೆಷಿನ್ನು ನೋಡಲಿಲ್ಲ, ನೆಲ ನೋಡಿದರು. ಇಪ್ಪತ್ತು ಮೆಷಿನ್ನು ಓಡುವ ಕೋಣೆಯಲ್ಲಿ ತಾಮ್ರದ ಒಂದು ಚೂರೂ ಬಿದ್ದಿಲ್ಲವಲ್ಲ, ನಿನ್ನೆಯ ತುಂಡುಗಳನ್ನು ಎಲ್ಲಿ ಹಾಕಿದ್ದೀರಿ ಎಂದು ದುಭಾಷಿಯ ಬಾಯಲ್ಲಿ ಕೇಳಿಸಿದರು. ಸಣ್ಣ ಸಾಹೇಬರು ನಕ್ಕು, ನಮ್ಮವರಿಗೆ ಸ್ವಚ್ಛತೆ ಹೆಚ್ಚು ಎಂದರು. ಮೇಡಂ ನಗಲಿಲ್ಲ. ಚೂಟಿ ಎಂದು ಕರೆಯುತ್ತೀವಲ್ಲ, ಪ್ಯಾಕಿಂಗಿನ ಆ ಮಾತಿನ ಮಲ್ಲಿ, ಅವಳ ಮುಂದೆ ನಿಂತು ತಂತಿಯನ್ನು ತಾವೇ ಕತ್ತರಿಯಿಂದ ಕತ್ತರಿಸಿ, ಇದನ್ನು ಜೋಡಿಸಿ ತೋರಿಸು ಎಂದರು. ಪಾಪ, ಚೂಟಿ ಎರಡು ತುದಿ ಹಿಡಿದು ಸುಮ್ಮನೆ ಹುರಿ ಹೊಸೆದಳು. ತಂತಿಯ ಮೇಲಿನ ವಾರ್ನಿಷ್ ಕೆರೆಯದೆ ಜೋಡಿಸಿದರೆ ಕರೆಂಟು ಹರಿಯುವುದಿಲ್ಲ ಎನ್ನುವುದು ವೈಂಡಿಂಗಿನವರಿಗೆ ಮೊದಲ ದಿನದ ಪಾಠ. ಕೊಟ್ಟದ್ದು ಎರಡೇ ದಿನ, ಆ ಪಾಠ ನನಗೆ ಮರೆತೇ ಹೋಗಿತ್ತು. ಆ ಮೇಡಂ ಒಂದು ಕಾಲದಲ್ಲಿ ತಾವೇ ತಂತಿ ಸುತ್ತಿದವರಂತೆ, ಆಮೇಲೆ ತಿಳಿಯಿತು.

ಇಲ್ಲಿಯವರೆಗಿನದು ನನ್ನ ಪಾಡು, ಹೇಗೋ ಅನುಭವಿಸುತ್ತಿದ್ದೆ. ಮುಂದಿನದು ನಿನ್ನ ವಿಷಯ.

ಆಫೀಸಿನಲ್ಲಿ ಆ ಮೇಡಂ ಫೈಲು ಬಿಚ್ಚಿ, ಈ ಐದು ತಿಂಗಳ ಘೋಷಣೆಗಳನ್ನು ಮೇಜಿನ ಮೇಲೆ ಹರಡಿದರು. ಹದಿನಾಲ್ಕು ಹಾಳೆ. ಹದಿನಾಲ್ಕರ ಕೆಳಗೂ ನಿನ್ನ ಸಹಿ. ಕುರ್ಚಿಯ ಬೆನ್ನು ಹಿಡಿದುಕೊಂಡೆ. ನೀನು ಹೊರಟ ದಿನ ಕಂಪನಿಯ ಬಸ್ಸಿನ ಬಾಗಿಲಲ್ಲಿ ಸಣ್ಣ ಸಾಹೇಬರು ತರಬೇತಿಯ ಫಾರ್ಮು ಎಂದು ಒಂದು ಕಟ್ಟು ತಂದರಲ್ಲ, ನೀನು "ಓದಿ ಹಾಕ್ತೀನಿ" ಅಂದೆಯಲ್ಲ, ನೆನಪಿದೆಯಾ? "ಬಸ್ಸು ಹೊರಡ್ತಿದೆ, ಬೇಗ ಬೇಗ ಹಾಕೇ" ಎಂದು ನಿನ್ನ ಕೈಗೆ ಪೆನ್ನು ತುರುಕಿದವಳು ನಾನು. ಕೆಳಗಿನ ಹಾಳೆಗಳು ಖಾಲಿ ಘೋಷಣೆಗಳು, ತಾರೀಖನ್ನು ಆಮೇಲೆ ತುಂಬಿಕೊಂಡಿದ್ದಾರೆ. ನಾನು ಬೇಡವೆಂದು ಬಿಟ್ಟ ಪಾಪವನ್ನು ನನ್ನ ಕೈಯಿಂದಲೇ ನಿನ್ನ ತಲೆಗೆ ಕಟ್ಟಿಸಿದರು.

ಅಪ್ಪನ ಅಂಗಡಿಯಲ್ಲಿ ಕೋಟು ಹೊಲಿಸುವ ವಕೀಲರನ್ನು ಉಪಾಯವಾಗಿ ಕೇಳಿದೆ, ಸಂಬಂಧಿಕರ ಹುಡುಗಿಯೊಬ್ಬಳು ಓದದೆ ಸಹಿ ಹಾಕಿದ್ದಾಳೆ ಎಂದೆ. "ಖಾಲಿ ಕಾಗದಕ್ಕೆ ಹಾಕಿದ್ರೂ ಸಹಿ ಸಹಿನೇ ಕಣಮ್ಮ. ಯಾರ ಮಗಳು?" ಎಂದರು. ನಮ್ಮ ಮಗಳಲ್ಲ, ನಮ್ಮ ಮಗಳಲ್ಲ ಎಂದು ಎರಡೆರಡು ಸಲ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು.

ತನಿಖೆಯ ಮರುದಿನ ಸಣ್ಣ ಸಾಹೇಬರು ಕರೆಸಿ ಚಹಾ ತರಿಸಿದರು. ಏಳು ವರ್ಷದಲ್ಲಿ ಮೊದಲ ಚಹಾ. "ಯಾರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನಿ. ಮಗಳು ಅಲ್ಲಿದ್ದಾಳೆ, ಅವಳ ಪಾಸ್‌ಪೋರ್ಟು ನಮ್ಮ ಹಾಸ್ಟೆಲ್ ಆಫೀಸಲ್ಲಿ ಜೋಪಾನವಾಗಿದೆ. ನಾವು ನೋಡ್ಕೋತೀವಿ" ಎಂದರು. ಜೋಪಾನ ಎನ್ನುವ ಮಾತಿಗೆ ನಾನು ಯಾವತ್ತೂ ಅಷ್ಟು ಹೆದರಿದ್ದಿಲ್ಲ.

ಸೋಮವಾರ ಆ ಮೇಡಂ ನನ್ನೊಬ್ಬಳನ್ನೇ ವ್ಯಾಪಾರ ಇಲಾಖೆಯ ಕಚೇರಿಗೆ ಕರೆಸಿದರು. ಉದ್ದ ಮೇಜು, ಮೂರು ಕುರ್ಚಿ, ಕಿಟಕಿಗೆ ಬೂದು ಪರದೆ. ಮೆಷಿನ್ನಿನ ವಿಷಯ, ಪೆಟ್ಟಿಗೆಯ ವಿಷಯ, ನನ್ನ ಎಂಟು ತಿಂಗಳ ವಿಷಯ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಂಗಳವಾರ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಹೆಂಗಸರು ಗೇಟಿನ ಮುಂದೆ ನಿಂತಿದ್ದರು, ನನ್ನನ್ನು ಕಂಡು ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಚೂಟಿ ಮಾತ್ರ ಹತ್ತಿರ ಬಂದು, "ಅಕ್ಕ, ನೆಲ ಗುಡಿಸಿ ಅಂದ್ರಿ, ಗುಡಿಸಿದ್ವಿ. ತಂತಿ ಕೆರೀಬೇಕು ಅಂತ ಯಾಕೆ ಹೇಳಿಕೊಡ್ಲಿಲ್ಲ?" ಎಂದು ಕೇಳಿದಳು.

ಈಗ ನೀನು ಮಾಡಬೇಕಾದ್ದನ್ನು ಸರಿಯಾಗಿ ಕೇಳು. ಅಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಪಾಸ್‌ಪೋರ್ಟ್ ಕೇಳು. ಅಳು ಬಂದರೆ ಅಳು, ತಡೆಯಬೇಡ. ಕೊಡದಿದ್ದರೆ ಜಗಳಕ್ಕೆ ಹೋಗದೆ, ನರ್ಸಮ್ಮನನ್ನು ಕರೆದುಕೊಂಡು ನೇರವಾಗಿ ನಮ್ಮ ರಾಯಭಾರ ಕಚೇರಿಗೆ ನಡೆ. ಸಾಮಾನು ಬಿಟ್ಟು ಬಾ, ಹೊಸ ಸ್ವೆಟರೂ ಬೇಡ. ಏನೇ ಕಾಗದ ತಂದರೂ, ಎಷ್ಟೇ ಅವಸರ ಮಾಡಿದರೂ, ಪೆನ್ನು ಮುಟ್ಟಬೇಡ. ನಾನೇ ಎದುರು ನಿಂತು ಹಾಕು ಎಂದರೂ ಹಾಕಬೇಡ.

ಅಪ್ಪನಿಗೆ ಇವತ್ತು ಸಂಜೆ ಹೇಳುತ್ತೇನೆ. ಅವರು ಕೂಗಾಡುವುದಿಲ್ಲ, ಮೆಷಿನ್ನಿನ ಮುಂದೆ ಕುಳಿತು ಹೊಲಿಯದೆ ಸುಮ್ಮನೆ ಚಕ್ರ ತಿರುಗಿಸುತ್ತಾರೆ. ಅದನ್ನು ನೋಡುವುದೇ ನನಗೆ ಕಷ್ಟ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹುಷಾರು ಕಂದ.

ನಿನ್ನ
ಅಮ್ಮ

ತಾ.ಕ.: ಸೋಮವಾರ ಎಲ್ಲ ನಿಜ ಹೇಳಿದೆ ಎಂದೆನಲ್ಲ, ಒಂದನ್ನು ಬಿಟ್ಟು. ಆ ಹದಿನಾಲ್ಕು ಸಹಿ ಮಗಳದ್ದಲ್ಲ, ಅವಳ ಹೆಸರಿನಲ್ಲಿ ನಾನೇ ಹಾಕಿದ್ದು ಎಂದೆ. ತಾರೀಖುಗಳೆಲ್ಲ ನೀನು ವಿಮಾನ ಹತ್ತಿದ ಮೇಲಿನವು, ಅದಕ್ಕೇ ಅವರಿಗೆ ನಂಬುವುದು ಕಷ್ಟವಾಗಲಿಲ್ಲ. ಹಾಕಿ ತೋರಿಸಿ ಎಂದರು. ಕರೆ ಬಂದದ್ದು ಶನಿವಾರ, ಭಾನುವಾರವಿಡೀ ನಿನ್ನ ಕಾಲೇಜಿನ ಪ್ರಾಕ್ಟಿಕಲ್ ಪುಸ್ತಕದಲ್ಲಿನ ಸಹಿ ಎದುರಿಟ್ಟುಕೊಂಡು ಕಲಿತಿದ್ದೆ. ಐದು ಸಲ ಹಾಕಿದೆ, ಐದೂ ನಿನ್ನದರ ಹಾಗೇ ಬಂದವು. ಮೇಡಂ ತುಂಬಾ ಹೊತ್ತು ನನ್ನ ಮುಖ ನೋಡಿ ಬರೆದುಕೊಂಡರು. ನಿನ್ನನ್ನು ಕೇಳಿದರೆ, ಇದು ನನ್ನ ಸಹಿ ಅಲ್ಲ ಎನ್ನು, ಅಷ್ಟೇ ಸಾಕು. ಅಮ್ಮನನ್ನು ಉಳಿಸುತ್ತೇನೆಂದು ಸತ್ಯ ಹೇಳಲು ಹೋಗಬೇಡ. ನೀನು ಬಂದಾಗ ನಾನು ಮನೆಯಲ್ಲಿ ಇಲ್ಲದಿದ್ದರೆ, ಬೀಗದ ಕೈ ಅಪ್ಪನ ಅಂಗಡಿಯಲ್ಲಿರುತ್ತದೆ.