ಭಾನುವಾರ ಹತ್ತು ಗಂಟೆಯೊಳಗೆ

ಮಂಗಳವಾರ, ತಾರೀಖು ಹದಿನಾಲ್ಕು

ಪ್ರೀತಿಯ ಮೊಳೆಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾನು ಕ್ಷೇಮ, ಮಂಡಿ ಮಾತ್ರ ಹಳೆಯ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ. ಎರಡು ವರ್ಷ ಒಂದಕ್ಷರ ಬರೆಯದವನು ಇದ್ದಕ್ಕಿದ್ದಂತೆ ಬರೆದನಲ್ಲ ಎಂದು ಹುಬ್ಬೇರಿಸಬೇಡ. ತಪ್ಪು ನನ್ನದೇ, ಕ್ಷಮಿಸು. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಸಿಟ್ಟಿನಲ್ಲಿ ಮುದುರಿ ಎಸೆದರೂ ಆಮೇಲೆ ಬಿಡಿಸಿ ಓದಬಹುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟು ಬುದ್ಧಿ ಸಾಲದೇ?

ಈ ಕಾಗದಕ್ಕೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಉತ್ತರ ಬೇಕು. ಯಾಕೆಂದು ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳಬೇಕು. ನಡುವಿನಿಂದ ಹೇಳಿದರೆ ನಾನು ಬರೀ ಮೂರ್ಖನ ಹಾಗೆ ಕಾಣುತ್ತೇನೆ.

ಕಳೆದ ವರ್ಷ ಒಬ್ಬರು ನಿವೃತ್ತ ಟೀಚರಮ್ಮ ಅಂಗಡಿಗೆ ಬಂದರು. ಹದಿನೈದು ವರ್ಷದ ಹಿಂದೆ ಅವರಿಗೆ ಮೂರು ಬಾಗಿಲಿನ ಬೀರು ಮಾಡಿಕೊಟ್ಟಿದ್ದೆ. ಅಂಥ ಬೀರು ಈ ಸುತ್ತಿನಲ್ಲಿ ಇನ್ನೊಬ್ಬ ಮಾಡಲಾರ, ಅದು ಬಿಡು. "ಅದನ್ನ ಬಿಚ್ಚಿ ಒಂದು ಬೆಂಚು ಮಾಡ್ಕೊಡಿ" ಅಂದರು.

"ಯಾಕಮ್ಮಾ, ಗೆದ್ದಲು ಹಿಡೀತಾ?"

"ಇಲ್ಲಪ್ಪ, ಅದರೊಳಗೆ ಇಡೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಕಳ್ಳರು ನುಗ್ಗಿದರೇನೋ ಎಂದು ಗಾಬರಿಯಾದೆ. ಅವರು ನಕ್ಕರು. "ನಾನೇ ಕಡಿಮೆ ಮಾಡ್ಕೊಂಡೆ. ಭಾನುವಾರ ಲೈಬ್ರರಿ ಹಿಂದಿನ ಕೋಣೆಗೆ ಬನ್ನಿ, ಗೊತ್ತಾಗುತ್ತೆ."

ಜನ ಸಾಮಾನು ಕಡಿಮೆ ಮಾಡಿಕೊಂಡರೆ ಬೀರು ಮಾಡುವವನ ಹೊಟ್ಟೆಗೆ ತಣ್ಣೀರು ಬಟ್ಟೆಯೇ. ನಾಲ್ಕು ಮಾತು ಬೈದು ಬರೋಣವೆಂದೇ ಹೋದೆ. ಹನ್ನೊಂದು ಮನೆಯವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಹನ್ನೊಂದು ಮನೆಗೂ ಸೇರಿ ಒಂದೇ ಏಣಿಯಂತೆ, ಒಂದೇ ಹೊಲಿಗೆ ಮಿಷನ್ನಂತೆ. ಏಣಿ ಬೇಕಾದರೆ ಇನ್ನೊಬ್ಬರ ಮನೆಗೆ ಹೋಗಬೇಕು, ಹೋದರೆ ಕೂರಬೇಕು, ಕೂತರೆ ಮಾತು. ಒಂದು ಮನೆಯ ಮಗುವಿನ ಜ್ವರ ಹತ್ತು ಮನೆಗೆ ಗೊತ್ತಾಗುವುದು ಆ ಏಣಿಯಿಂದಲೇ. ನನ್ನ ಮನೆಯಲ್ಲಿ ಮೂರು ಏಣಿ ಇವೆ, ಮೊಳೆ. ನೀನು ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ಆ ಮನೆಯ ಬಾಗಿಲು ತಟ್ಟಿದವನು ಮೀಟರ್ ಓದುವವನೊಬ್ಬನೇ.

ಬೈಯುವುದು ಮರೆತುಹೋಯಿತು. ಮುಂದಿನ ಭಾನುವಾರವೂ ಹೋದೆ. ಈಗಂತೂ ನನ್ನನ್ನು ಕೇಳದೆ ಅಲ್ಲಿ ಒಂದು ಸೂಜಿಯೂ ಕೈ ಬದಲಾಗುವುದಿಲ್ಲ. (ಟೀಚರಮ್ಮ ಬೇರೆ ರೀತಿ ಹೇಳಿಯಾರು, ಕೇಳಬೇಡ.)

ಅವರದೊಂದು ಪದ್ಧತಿಯಿದೆ. ಕೊಡಲು ಮನಸ್ಸಾಗದ, ಇಟ್ಟುಕೊಳ್ಳಲು ಕಾರಣವೂ ಇಲ್ಲದ ಸಾಮಾನನ್ನು ಒಂದು ಪೆಟ್ಟಿಗೆಗೆ ಹಾಕಿ, ಮುಚ್ಚಿ, ತಾರೀಖು ಬರೆದು, ಗುಂಪಿನ ಇನ್ನೊಬ್ಬರ ಮನೆಯಲ್ಲಿ ಇಡುವುದು. ಆರು ತಿಂಗಳು ತುಂಬುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಳಗಿರುವ ಒಂದೇ ಒಂದು ವಸ್ತುವನ್ನು ನೆನಪಿನಿಂದ ಹೇಳಿದರೆ ಪೆಟ್ಟಿಗೆ ವಾಪಸ್ಸು. ಹೇಳಲಾಗದಿದ್ದರೆ ಬಿಚ್ಚದೆಯೇ ಗುಜರಿ ಗಾಡಿಗೆ. ಮೊದಲೆಲ್ಲ ಒಂದೆರಡು ವಾರ ವಾಯಿದೆ ಕೊಡುತ್ತಿದ್ದರು. "ಏನ್ರೀ ಇದು, ಮಕ್ಕಳಾಟಾನಾ? ವಾಯಿದೆ ಗೀಯಿದೆ ಏನೂ ಬೇಡ. ಹತ್ತು ಗಂಟೆ ಅಂದ್ರೆ ಹತ್ತು ಗಂಟೆ!" ಎಂದು ನೆಲ ಕುಟ್ಟಿ ನಿಯಮ ಬಿಗಿ ಮಾಡಿಸಿದವನು ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಟ್ಟಿದ ಮೇಲೆ ಗುಂಪಿನಲ್ಲಿದ್ದ ದರ್ಜಿಯೊಬ್ಬ ಕೆಣಕಿದ: "ಅಣ್ಣಾ, ಮಾತು ಜೋರಾಗಿದೆ. ನಿಮ್ಮ ಪೆಟ್ಟಿಗೆ ಎಲ್ಲಿ?"

ಮನೆಗೆ ಬಂದು ಹುಡುಕಿದೆ. ಒಂದು ಹಳೆಯ ಉಳಿ, ಮುರುಕು ಗರಗಸ ಕೊಡಲೂ ಕೈ ಬರಲಿಲ್ಲ. ಅಟ್ಟ ಹತ್ತಿದೆ. ಅಲ್ಲಿ ನಿನ್ನ ಹಸಿರು ಟ್ರಂಕು ಇತ್ತು. ಹೌದು, ಅದೇ. ಬೀಗ ಹಾಕಿದ್ದು. ಗಾಬರಿಯಾಗಬೇಡ, ಅದರ ಕಥೆ ಕೊನೆಗೆ ಹೇಳುತ್ತೇನೆ. ನನ್ನದೇ ಎಂದು ಹೇಳಿ ಟೀಚರಮ್ಮನ ಮನೆಯಲ್ಲಿ ಇಟ್ಟುಬಂದೆ. ಆರು ತಿಂಗಳು ದೂರವಿತ್ತು. ಅಷ್ಟರಲ್ಲಿ ನೀನು ಬಂದೇ ಬರುತ್ತೀಯ ಅಂದುಕೊಂಡೆ.

ಈ ಭಾನುವಾರಕ್ಕೆ ಆರು ತಿಂಗಳು.

ನಿನ್ನೆ ಹೋಗಿ ಟೀಚರಮ್ಮನಿಗೆ ನಿಜ ಹೇಳಿದೆ. ನಾನು ಮಾಡಿಕೊಟ್ಟ ಬೆಂಚಿನ ಕೆಳಗೇ ಟ್ರಂಕು ಇತ್ತು. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಇದರೊಳಗೆ ಏನಿದೆ?"

"ಗೊತ್ತಿಲ್ಲ."

"ಸಾಕಿ ಬೆಳೆಸಿದ ಹುಡುಗಿ. ಏನಿಟ್ಟಿದ್ದೀಯಮ್ಮ ಅಂತ ಒಂದಿನಾನೂ ಕೇಳ್ಲಿಲ್ವಾ?"

"ಇಲ್ಲ."

"ನಿಮ್ಮದಲ್ಲ ಅಂದ್ಮೇಲೆ ನಿಮ್ಮ ಕೈಗೆ ಹೇಗೆ ಕೊಡ್ಲಿ? ಅವಳು ಒಂದು ಸಾಲು ಬರೀಲಿ. ಭಾನುವಾರ ಹತ್ತು ಗಂಟೆ. ನಿಯಮ ಮಾಡಿದ್ದು ಯಾರು?"

ಬಾಯಿ ಮುಚ್ಚಿಕೊಂಡು ಬಂದೆ. ಹುಟ್ಟಿದ ಮೇಲೆ ಇದೇ ಮೊದಲಿರಬೇಕು.

ಟ್ರಂಕು ಹೊತ್ತು ಹೋದಾಗ ಅದು ಭಾರವಿರಲಿಲ್ಲ. ಒಳಗೆ ಏನೋ ಒಂದು ಜಾರಿ ತಗಡಿಗೆ ತಟ್ಟಿದ ಸದ್ದು ಮಾತ್ರ. ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅದೇ ಸದ್ದು ತಲೆಯೊಳಗೆ. ಏನದು? ನಿನ್ನ ಅಮ್ಮನ ಕೈಕನ್ನಡಿಯೇ? ಅಕ್ಕ ಹೋದ ಮೇಲೆ ಅದನ್ನು ನಾನು ನೋಡಿಯೇ ಇಲ್ಲ. ಬೆಳಿಗ್ಗೆ ಒಂದೇ ಹಲಗೆಯನ್ನು ಎರಡು ಸಲ ತಪ್ಪು ಅಳತೆಗೆ ಕೊಯ್ದೆ. ನಾನು! ಬೇರೆಯವರ ಅಳತೆ ತಿದ್ದುವವನು!

ಟೀಚರಮ್ಮನ ವಿಳಾಸ ಬರೆದ ಕವರು ಜೊತೆಗಿಟ್ಟಿದ್ದೇನೆ. ನನಗೆ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ, ಅವರಿಗೆ ಬರೆ. ಒಂದು ವಸ್ತುವಿನ ಹೆಸರು ಸಾಕು. ಚಿಕ್ಕವಳಿದ್ದಾಗ ಸಣಕಲು, ಚೂಪು ಅಂತ ನಿನಗೆ ಮೊಳೆ ಎಂದು ಹೆಸರಿಟ್ಟವನು ನಾನು. ಹೊಡೆದಷ್ಟೂ ಒಳಗೇ ಹೋಗುತ್ತೀಯ, ಸದ್ದು ಮಾಡುವುದಿಲ್ಲ ಎಂದು ಗೊತ್ತು. ಈ ಸಲ ಮಾತ್ರ ಹಾಗೆ ಮಾಡಬೇಡ.

ಹಿಡಿದ ಕೆಲಸ ಕೈಗೂಡಲಿ, ತಲೆ ಇಟ್ಟ ಕೂಡಲೇ ನಿದ್ದೆ ಬರಲಿ, ನಿನ್ನ ಬಾಗಿಲಿಗೆ ಏಣಿ ಕೇಳುವವರು ಬರಲಿ.

ಇಂತಿ ನಿನ್ನ
ಮಾವ

ತಾ.ಕ.: ಎರಡು ವರ್ಷದ ಹಿಂದೆ ನೀನು ಫೋನು ಮಾಡಿ "ಟ್ರಂಕು ತಗೊಂಡು ಹೋಗೋಕೆ ಬರ್ತೀನಿ ಮಾವ" ಅಂದಾಗ, "ಅದನ್ನ ಗುಜರಿಗೆ ಹಾಕ್ಬಿಟ್ಟೆ ಕಣೇ, ಅಟ್ಟಕ್ಕೆ ಸ್ವಲ್ಪ ಗಾಳಿ ಬೇಕಿತ್ತು" ಅಂದೆ. ತಮಾಷೆಗೆ. ನೀನು ಕಿರುಚುತ್ತೀಯ, ನಾನು ನಗುತ್ತೇನೆ, ಎಂದಿನಂತೆ ಅಂದುಕೊಂಡೆ. ನೀನು ಕಿರುಚಲಿಲ್ಲ. ನೀನೇ ಫೋನು ಇಟ್ಟುಬಿಟ್ಟೆ. ಟ್ರಂಕಿಗೋಸ್ಕರ ಬರುತ್ತೇನೆ ಅಂದಳು, ಮಾವನನ್ನು ನೋಡೋಕೆ ಬರುತ್ತೇನೆ ಅನ್ನಲಿಲ್ಲವಲ್ಲ ಎಂದು ನನಗೂ ಚುಚ್ಚಿತ್ತು. ತಿರುಗಿ ಫೋನು ಮಾಡುವ ಹೊತ್ತಿಗೆ ತಿಂಗಳಾಗಿತ್ತು. ಮಾತು ಆಡಿದರೆ ಹೋಯಿತು. ಟ್ರಂಕು ಅಟ್ಟದ ಮೇಲೇ ಇತ್ತು, ಮೊಳೆ. ವಾರ ವಾರ ಧೂಳು ಒರೆಸುತ್ತಿದ್ದೆ. ನಾನು ನಿನಗೆ ಹೇಳಿದ ಸುಳ್ಳು ಈ ಭಾನುವಾರ ಹತ್ತು ಗಂಟೆಗೆ ನಿಜವಾಗುತ್ತದೆ. ಅದಕ್ಕೆ ಮೊದಲು ಬರೆ.