ಗದ್ದದ ಕೆಳಗಿನ ಗೆರೆ

ಲಾಂಡ್ರಿ ಮೇಲಿನ ರೂಮು
ನವೆಂಬರ್ ೧೭, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಹೊಟ್ಟೆಗೆ ಸರಿಯಾಗಿ ಬೀಳ್ತಿದೆಯಾ? ಪೇಂಟ್ ವಾಸನೆಗೆ ಬರ್ತಿದ್ದ ಆ ಕೆಮ್ಮು ಈಗಲಾದ್ರೂ ಬಿಟ್ಟಿದೆಯಾ? ಅಮ್ಮ ಆರಾಮಾಗಿದ್ದಾಳೆ, ಅಂದ್ರೆ ಆರಾಮಾಗಿದ್ದೀನಿ ಅಂತ ಹೇಳ್ತಾಳೆ. ಬರೆಯೋಕೆ ಕೂತರೆ ನನಗೆ ಕೈ ಓಡಲ್ಲ, ನಿನಗೆ ಗೊತ್ತಲ್ಲ, ಅದಕ್ಕೇ ರೂಮಲ್ಲಿ ಆ ಕಡೆ ಈ ಕಡೆ ಓಡಾಡ್ತಾ ಮಾತಾಡ್ತಿದ್ದೀನಿ, ಫೋನೇ ಬರ್ಕೊಳ್ಳುತ್ತೆ. ನೀನು ಹೇಳದೆ ಕೇಳದೆ ಮನೆ ಬಿಟ್ಟಾಗಿಂದ ನಿನ್ನ ನಂಬರಿಗೆ ಏನು ಕಳಿಸಿದ್ರೂ ಒಂದೇ ಟಿಕ್. ಇದೂ ಹಾಗೇ ಬಿದ್ದಿರುತ್ತೆ. ಬಿದ್ದಿರ್ಲಿ.

ಇಸ್ತ್ರಿ ಮಾಡ್ಕೊಂಡಿದ್ದ ನಾನು ಡಿಸೈನರ್ ಆದ ಕಥೆ ಕೇಳಿದ್ರೆ ನೀನು ಬಿದ್ದೂ ಬಿದ್ದೂ ನಗ್ತೀಯ. ನಮ್ಮ ಮಾಲಕಿ ಒಂದಿನ ಬಂದು, "ಲೋ, ನಿನ್ನ ವಯಸ್ಸಿನೋರಿಗೆಲ್ಲ ಬರುತ್ತಂತೆ, ನಮ್ಮ ಅಂಗಡಿ ಪೇಜಿಗೆ ಏನಾದ್ರೂ ಚಂದ ಮಾಡಿ ಹಾಕೋ" ಅಂದ್ರು. ನನಗೇನು ಬರುತ್ತೆ, ಮಣ್ಣು! ಫೋನಲ್ಲಿ ಒಂದು ಆ್ಯಪ್ ಇದೆ, ಅದರಲ್ಲಿ ರೆಡಿಮೇಡ್ ಚೌಕಟ್ಟುಗಳಿರ್ತವೆ. ಫೋಟೋ ತುರುಕು, ಅಕ್ಷರ ಬದಲಾಯಿಸು, ಮುಗೀತು. ಮೊದಲನೇದಕ್ಕೆ ಇದ್ದ ಬದ್ದ ಬಣ್ಣವೆಲ್ಲ ಸುರಿದಿದ್ದೆ. ಮಾಲಕಿ ನೋಡಿ, "ಇದೇನೋ, ಎಲ್ಲಾ ಬಟ್ಟೇನೂ ಒಂದೇ ಮೆಷಿನ್ನಿಗೆ ಹಾಕಿ ಬಣ್ಣ ಬಿಡಿಸಿದ ಹಾಗಿದೆ" ಅಂದ್ರು. ಆಮೇಲೆ ಎರಡೇ ಬಣ್ಣ, ಒಂದೇ ಥರದ ಅಕ್ಷರ, ಸುತ್ತ ಒಂಚೂರು ಖಾಲಿ ಜಾಗ ಅಂತ ಕಲ್ತೆ. ನಮ್ಮ ಅಂಗಡಿ ಬ್ಲಾಗಲ್ಲಿ "ಶಾಯಿ ಕಲೆ ತೆಗೆಯೋದು ಹೇಗೆ" ಅಂತ ಬಂತು, ಅದರ ಚಿತ್ರ ನಂದೇ. ಎಲ್ಲರ ಕೈಗೂ ಇಂಥ ಆ್ಯಪ್ ಬಂದಮೇಲೇ ಅಲ್ವಾ ನಿನಗೆ ಬೋರ್ಡ್ ಬರೆಯೋ ಕೆಲಸ ನಿಂತಿದ್ದು. ಒಂದೊಂದು ಪೋಸ್ಟ್ ಹಾಕುವಾಗಲೂ ಅದು ನೆನಪಾಗುತ್ತೆ. ಆ ಆ್ಯಪಲ್ಲಿ ಒಂದು ಬಟನ್ ಇದೆ, ಒತ್ತಿದ್ರೆ ಫೋಟೋದಲ್ಲಿರೋ ಕೊಳೆ, ಗೀರು, ಸುಕ್ಕು ಎಲ್ಲ ಮಾಯ. ಒಗೆದ ಅಂಗಿ ಹೊಸದರ ಥರ ಕಾಣಲಿ ಅಂತ, ಯಾವ ಫೋಟೋ ಬಂದ್ರೂ ನಾನು ಮೊದಲು ಅದನ್ನೇ ಒತ್ತೋದು. ಅಭ್ಯಾಸ ಆಗ್ಬಿಟ್ಟಿತ್ತು.

ನಿನ್ನ ಪೋಸ್ಟರ್ ಮಾಡಿದ್ದೂ ನಾನೇ. "ನೀನು ಅದೆಲ್ಲ ಮಾಡ್ತೀಯಂತಲ್ಲ, ನಿಮ್ಮಣ್ಣಂದೂ ಒಂದು ಮಾಡೋ" ಅಂದ್ಲು ಅಮ್ಮ, ಅಂಗಡಿಯಿಂದ ಸಾಮಾನು ತಾ ಅಂದ ಹಾಗೆ. ನೀನು ಏಣಿ ಪಕ್ಕ ಬ್ರಷ್ ಹಿಡ್ಕೊಂಡು ನಿಂತಿರೋ ಫೋಟೋ ತಗೊಂಡೆ. ಹಿಂದಿನ ಗೋಡೆ ತೆಗೆದೆ. ಮೇಲೆ ದೊಡ್ಡದಾಗಿ "ಕಾಣೆಯಾಗಿದ್ದಾರೆ", ಕೆಳಗೆ ಅಮ್ಮನ ನಂಬರು, ನನ್ನ ನಂಬರು. ನಾನು ಮಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿ ಬಂದಿದ್ದು ಕಣಣ್ಣಾ. ಗುರುತಿಲ್ಲದೋರೆಲ್ಲ ಹಂಚಿದ್ರು. ಯಾರೋ ಪುಣ್ಯಾತ್ಮ ಅದರ ಕೆಳಗೆ "ಡಿಸೈನ್ ಸೂಪರ್" ಅಂತ ಬರೆದಿದ್ದ. ಫೋನ್ ಗೋಡೆಗೆ ಎಸೆಯೋಣ ಅನಿಸ್ತು.

ಮೊನ್ನೆ ಯಾವುದೋ ಬಸ್ ಸ್ಟ್ಯಾಂಡಲ್ಲಿ ಕ್ಯಾಂಟೀನ್ ನಡೆಸೋ ಹೆಂಗಸು ಫೋನ್ ಮಾಡಿದ್ರು. ಅವರ ಹತ್ರ ಒಬ್ಬ ಲೋಟ ತೊಳ್ಕೊಂಡು ಇದ್ದನಂತೆ, ಮಾತು ಕಮ್ಮಿಯಂತೆ. ಅಳಿಸಿಹೋಗಿದ್ದ ಬೆಲೆಯ ಬೋರ್ಡನ್ನ ತಾನೇ ಹೊಸದಾಗಿ ಬರೆದುಕೊಟ್ಟು, ಒಂದಿನ ಹೋಗಿಬಿಟ್ಟನಂತೆ. ಮನಸ್ಸು ತಡೀಲಿಲ್ಲ ಅಂತ ಅದರ ಫೋಟೋ ಕಳಿಸಿದ್ರು. ಬಾಳೆಹಣ್ಣಿನ 'ಳೆ'ಯ ಬಾಲ ಒಳಕ್ಕೆ ಸುತ್ಕೊಂಡಿತ್ತು. ಹಾಗೆ ಸುತ್ತೋನು ನೀನೊಬ್ಬನೇ. "ಮೊದಲೇ ಯಾಕೆ ಹೇಳ್ಲಿಲ್ಲಮ್ಮಾ?" ಅಂತ ಕೂಗಾಡ್ಬಿಟ್ಟೆ. ಪಾಪ, ಅವರದೇನು ತಪ್ಪು? "ಅನುಮಾನ ಬಂದಿತ್ತಪ್ಪಾ. ಆದ್ರೆ ಇವನ ಗದ್ದದ ಕೆಳಗೆ ಹೊಲಿಗೆ ಹಾಕಿದ ಗೆರೆ ಇತ್ತು. ನಿನ್ನ ಫೋಟೋದೋನ ಮುಖ ಗಾಜಿನ ಥರ ನುಣ್ಣಗಿದೆ" ಅಂದ್ರು. ನೀನು ಏಣಿಯಿಂದ ಬಿದ್ದು ಹಾಕಿಸ್ಕೊಂಡ ಹೊಲಿಗೆ. ಹಳೇ ಫೋಟೋ ತೆಗೆದು ನೋಡಿದೆ, ಅದರಲ್ಲಿದೆ. ಪೋಸ್ಟರಲ್ಲಿಲ್ಲ. ಅಂಗಿಗೆ ಒತ್ತೋ ಬಟನ್ನನ್ನ ನಿನ್ನ ಮುಖಕ್ಕೂ ಒತ್ತಿದ್ದೆ. ಆವತ್ತು ಕೆಳಗೆ ಹೋಗಿ ಇಸ್ತ್ರಿ ಮೇಜಿನ ಮುಂದೆ ಸುಮ್ನೆ ನಿಂತಿದ್ದೆ. ಮಾಲಕಿ ಬಂದು ಇಸ್ತ್ರಿಪೆಟ್ಟಿಗೆ ಆಫ್ ಮಾಡಿ ನನ್ನ ಮೇಲಕ್ಕೆ ಕಳಿಸಿದ್ರು.

ಅಮ್ಮ ನಿನ್ನ ಕೇಳಿದ್ಲು ಅಂತ ಬೇರೆ ಹೇಳ್ಬೇಕಾ, ಅವಳು ಕೇಳೋದೇ ಅದೊಂದನ್ನ. ರಾತ್ರಿ ಹೊತ್ತು ಬೆಚ್ಚಗೆ ಹೊದ್ಕೋ. ಖಾಲಿ ಹೊಟ್ಟೇಲಿ ಬಸ್ ಹತ್ತಬೇಡ.

ನಿನ್ನ ತಮ್ಮ,
ಇಲಿಮರಿ

ತಾ.ಕ.: ಇನ್ನೊಂದು ಮಾತು, ಬೇಗ ಹೇಳಿ ಮುಗಿಸ್ತೀನಿ. ಆ ಕ್ಯಾಂಟೀನಿನಮ್ಮ ಪೋಸ್ಟರನ್ನ ನಿನಗೇ ತೋರಿಸಿದ್ರಂತೆ, "ನಿನ್ನ ಥರಾನೇ ಇದ್ದಾನಲ್ಲಪ್ಪಾ" ಅಂತ. ನೀನು ಫೋನ್ ಕೈಗೆ ತಗೊಂಡು ತುಂಬಾ ಹೊತ್ತು ನೋಡಿ, "ನಾನಲ್ಲಮ್ಮಾ, ನೋಡಿ, ಇವನಿಗೆ ಗಾಯವೇ ಇಲ್ಲ" ಅಂದ್ಯಂತೆ. ಮಾರನೇ ಬೆಳಿಗ್ಗೆ ಇರ್ಲಿಲ್ವಂತೆ. ಇದನ್ನ ಅಮ್ಮನಿಗೆ ಹೇಳಿಲ್ಲ. ಗೆರೆ ಇರೋ ಹೊಸ ಪೋಸ್ಟರ್ ಮಾಡಿಟ್ಟಿದ್ದೀನಿ, ಆದ್ರೆ ಹಾಕಿಲ್ಲ. ಹಾಕಿದ್ರೆ ನೀನು ಇನ್ನೂ ದೂರ ಹೋಗಿಬಿಡ್ತೀಯೇನೋ ಅಂತ ಭಯ. ಬಾ ಅನ್ನಲ್ಲ ಅಣ್ಣಾ. ಒಂದ್ಸಲ ಅಮ್ಮನಿಗೆ ಫೋನ್ ಮಾಡು. ಮಾತಾಡೋಕೆ ಆಗ್ದಿದ್ರೆ ಸುಮ್ನೆ ಹಿಡ್ಕೊಂಡಿರು, ಅವಳು ಮಾತಾಡ್ತಾಳೆ. ಅವತ್ತೇ ಎಲ್ಲಾ ಕಡೆಯಿಂದ ಪೋಸ್ಟರ್ ತೆಗೆದುಬಿಡ್ತೀನಿ.