ಒಂದೇ ಹೆಸರಿನ ಎರಡು ಸೀಸೆ

ಗುರುವಾರ, ಬೆಳಿಗ್ಗೆ

ಪ್ರೀತಿಯ ಸೊಸೆಗೆ, ನಿನ್ನ ಹಟಮಾರಿ ಮಾವನ ಆಶೀರ್ವಾದಗಳು.

ನಿನ್ನೆ ನೀನು ಮಾತಾಡುತ್ತಿರುವಾಗಲೇ ಫೋನ್ ಇಟ್ಟುಬಿಟ್ಟೆ. ತಪ್ಪು ನನ್ನದು. ನಿನ್ನತ್ತೆ ಆಗಲೇ ಬೈದಾಗಿದೆ: "ಊರಿನ ಪೇಪರಿಗೆಲ್ಲ ಪತ್ರ ಬರೀತೀರ, ಮನೆ ಸೊಸೆಗೆ ಒಂದು ಬರೆಯೋಕೆ ಕೈ ನೋಯುತ್ತಾ?" ಅದಕ್ಕೇ ಈ ಕಾಗದ. ಬಾಯಲ್ಲಿ ನಾನು ಜಗಳಗಂಟ, ಬರವಣಿಗೆಯಲ್ಲಿ ಸ್ವಲ್ಪ ಮರ್ಯಾದಸ್ಥ.

ನೀನು ಕೇಳಿದ್ದು ಒಂದೇ. ಸೋಮವಾರ ಔಷಧ ಸಮಿತಿಯ ಎದುರು ನಿಮ್ಮ ಕಂಪನಿಯ ಹೊಸ ಇಂಜೆಕ್ಷನ್ ಒಪ್ಪಿಗೆಗೆ ಬರುತ್ತದೆ. ಅದರ ಬಗ್ಗೆ ನಾನು ಕೊಟ್ಟಿರುವ ಆಕ್ಷೇಪಣೆಯನ್ನು ವಾಪಸ್ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವುದಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿದ ಮೇಲೆ ಸಿಟ್ಟಾಗು.

ಮೊದಲು ನಿನ್ನ ಕೆಲಸದ ಮಾತು. ಶ್ವಾಸಕೋಶಕ್ಕೆ ಹತ್ತಿದ ಶಿಲೀಂಧ್ರವನ್ನು ಕೊಲ್ಲುವ ಆ ಹಳೇ ಔಷಧಿ ಎಂಥ ಕಟುಕ ಎನ್ನುವುದು ಮೂವತ್ತೊಂದು ವರ್ಷ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂತ ನನಗೆ ಗೊತ್ತು. ರೋಗವನ್ನೂ ಕೊಲ್ಲುತ್ತದೆ, ಮೂತ್ರಪಿಂಡವನ್ನೂ ಬಿಡುವುದಿಲ್ಲ. ನೀನು ಅದಕ್ಕೆ ಕೊಬ್ಬಿನ ಕೋಟು ತೊಡಿಸಿದೆ. ಮದುವೆಯಾದ ಹೊಸತರಲ್ಲಿ ಊಟದ ಮೇಜಿನ ಎದುರು ನೀನೇ ವಿವರಿಸಿದ್ದೆ: ನಮ್ಮ ಜೀವಕೋಶದ ಪೊರೆ ಎಂಥ ಕೊಬ್ಬಿನದೋ ಅಂಥದ್ದೇ ಕೊಬ್ಬಿನ ಗುಳ್ಳೆ, ಕೂದಲಿನ ದಪ್ಪದಲ್ಲಿ ಸಾವಿರಕ್ಕೊಂದು ಪಾಲು. ಔಷಧಿ ಅದರಲ್ಲಿ ಕೂತು ಸೋಂಕು ಇರುವ ಜಾಗಕ್ಕೆ ಹೋಗುತ್ತದೆ, ದಾರಿಯಲ್ಲಿ ಮೂತ್ರಪಿಂಡದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. "ಪುಂಡರನ್ನ ರಸ್ತೆ ತುಂಬ ನಡೆಸೋದಲ್ಲ ಮಾವ, ಬಸ್ಸಲ್ಲಿ ಕೂರಿಸಿ ಬಾಗಿಲು ಹಾಕಿ ಕಳಿಸೋದು" ಅಂದಿದ್ದೆ. ಆ ಗುಳ್ಳೆಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಮಾಡಲು ನಿನಗೆ ಏಳು ವರ್ಷ ಹಿಡಿಯಿತು. ನನ್ನ ಮಗ ಏಳು ವರ್ಷ ಒಬ್ಬನೇ ಅಡುಗೆ ಮಾಡಿ ಒಬ್ಬನೇ ಉಂಡ, ಅದೂ ವಿಜ್ಞಾನಕ್ಕೆ ಸಂದ ಸೇವೆಯೇ. ನಿನ್ನ ಔಷಧಿಯ ಮೇಲೆ ನನಗೆ ಒಂದು ಚೂರೂ ಅನುಮಾನವಿಲ್ಲ.

ನನ್ನ ತಕರಾರು ಡಬ್ಬಿಯ ಮೇಲೆ. ಹಳೇ ಔಷಧಿಯನ್ನು ಮಾಡುವವರೂ ನೀವೇ. ಹೊಸದಕ್ಕೂ ಅದೇ ಹೆಸರು, ಅದೇ ಹಳದಿ ಡಬ್ಬಿ, ಅದೇ ಐವತ್ತು ಮಿಲಿಗ್ರಾಮಿನ ಸೀಸೆ. ಕೊಬ್ಬು ಎಂದು ಸೂಚಿಸುವ 'ಲಿಪಿಡ್' ಎಂಬ ಒಂದು ಪದ ಮಾತ್ರ ಹೆಚ್ಚು, ಅದೂ ಇರುವೆ ಗಾತ್ರದ ಅಕ್ಷರದಲ್ಲಿ. ಪರಿಚಿತ ಹೆಸರಾದರೆ ಡಾಕ್ಟರುಗಳು ಧೈರ್ಯವಾಗಿ ಬರೆಯುತ್ತಾರೆ ಎನ್ನುವುದು ನಿಮ್ಮ ಮಾರಾಟ ವಿಭಾಗದ ಜಾಣತನ. ಆದರೆ ಕೋಟು ತೊಟ್ಟ ಔಷಧಿಯನ್ನು ಐದು ಪಟ್ಟು ಕೊಡಬಹುದು. ಕೋಟಿಲ್ಲದ್ದನ್ನು ಅಷ್ಟೇ ಕೊಟ್ಟರೆ ರೋಗಿಯ ಹೃದಯ ನಿಲ್ಲುತ್ತದೆ. ಇದನ್ನು ಹೇಳಿದಾಗ ನೀನು, "ಓದಿ ತಾನೇ ಕೊಡ್ತಾರೆ ಮಾವ? ಅಷ್ಟು ದಡ್ಡರು ಯಾರಿರ್ತಾರೆ?" ಅಂದೆ. ಆಗಲೇ ನಾನು ಫೋನ್ ಇಟ್ಟದ್ದು.

ಆ ದಡ್ಡ ನಾನೇ.

ಇಪ್ಪತ್ತೆರಡು ವರ್ಷದ ಹಿಂದೆ, ಬೇರೆ ಕಂಪನಿಯ ಲಿಪಿಡ್ ಔಷಧಿ ಮೊದಲ ಸಲ ನಮ್ಮ ಆಸ್ಪತ್ರೆಗೆ ಬಂದಿತ್ತು. ಹೆಸರು ಹಳೆಯದೇ. ವಾರ್ಡಿನಲ್ಲಿ ಒಬ್ಬ ಬಸ್ ಮೆಕ್ಯಾನಿಕ್ ಇದ್ದರು, ಮೂವತ್ತೆಂಟು ವಯಸ್ಸು. ಡಾಕ್ಟರು ಮನಸ್ಸಿನಲ್ಲಿ ಲಿಪಿಡ್ ಇಟ್ಟುಕೊಂಡು ಚೀಟಿಯಲ್ಲಿ ಬರೀ ಹೆಸರು ಬರೆದರು: ಇನ್ನೂರೈವತ್ತು ಮಿಲಿಗ್ರಾಂ. ನಾನು ಕೈಗೆ ಸಿಕ್ಕುವ ಕಪಾಟಿನಿಂದ ಹಳೆಯದರ ಐದು ಸೀಸೆ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ವಾರ್ಡಿನ ನರ್ಸ್ ಫೋನ್ ಮಾಡಿದರು. "ಅಣ್ಣಾ, ಯಾವ ರೋಗಿಗೂ ದಿನಕ್ಕೆ ಒಂದಕ್ಕಿಂತ ಹೆಚ್ಚು ಹಾಕಿಲ್ಲ. ಇವರಿಗೆ ಐದು ಯಾಕೆ?" ಕಿಟಕಿಯ ಮುಂದೆ ಮೂವತ್ತು ಜನ ನಿಂತಿದ್ದರು. ನಾನು, "ಸಿಸ್ಟರ್, ಓದೋಕೆ ಬರುತ್ತಲ್ವಾ? ಬರೆದಷ್ಟು ಹಾಕಿ" ಅಂದೆ.

ಹಾಕಿದರು. ಸಂಜೆಯೊಳಗೆ ಮೆಕ್ಯಾನಿಕ್ ತೀರಿಕೊಂಡರು.

ಎರಡು ವಾರದ ಮೇಲೆ ವಿಚಾರಣೆ ನಡೆಯಿತು. ಕೌಂಟರಿಗೆ ಫೋನ್ ಮಾಡಿ ಕೇಳಿದ್ದೆ ಎಂದು ನರ್ಸ್ ಹೇಳಿದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಯಾವ ಮಂತ್ರಿ ಯಾವ ಸೇತುವೆಗೆ ಎಷ್ಟು ಸಲ ಅಡಿಗಲ್ಲು ಹಾಕಿದ ಎಂದು ತಾರೀಕು ಸಮೇತ ಪೇಪರಿಗೆ ಬರೆಯುವ ನಾನು, "ನೆನಪಿಲ್ಲ" ಅಂದೆ. ಕೇಳದೆ ಹಾಕಿದರೆಂದು ಆಕೆಯ ಕೆಲಸ ಹೋಯಿತು. ನಾನು ಇನ್ನೂ ಒಂಬತ್ತು ವರ್ಷ ಅದೇ ಕೌಂಟರಿನಲ್ಲಿ ಕೂತು, ಪ್ರಾಮಾಣಿಕ ನೌಕರ ಎಂಬ ಭಾಷಣ ಕೇಳಿಸಿಕೊಂಡು ನಿವೃತ್ತನಾದೆ.

ಮನೆಯಲ್ಲೂ ಇದನ್ನು ಹೇಳಿರಲಿಲ್ಲ. ನಿನ್ನೆ ಫೋನ್ ಇಟ್ಟ ಮೇಲೆ ಹೇಳಿದೆ. ನಿನ್ನತ್ತೆ ಬಿಡಿಸುತ್ತಿದ್ದ ಬಟಾಣಿಯನ್ನು ಪೂರ್ತಿ ಬಿಡಿಸಿ ಮುಗಿಸಿದಳು. ಆಮೇಲೆ, "ಸಮಿತಿಗೆ ಸೋಮವಾರ ಹೇಳಿ. ಆ ಹೆಂಗಸಿಗೆ ಅದಕ್ಕೂ ಮೊದಲು ಹೇಳಿ" ಅಂದಳು. ರಾತ್ರಿ ಊಟಕ್ಕೆ ಕರೆಯಲಿಲ್ಲ, ನಾನೇ ಬಡಿಸಿಕೊಂಡೆ.

ಸೋಮವಾರ ಎಲ್ಲವನ್ನೂ ಹೇಳುತ್ತೇನೆ. ಊರು ಬೈಯಲಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಆದರೆ ನಿನ್ನ ಔಷಧಿ ನಿಲ್ಲಬಾರದು. ಡಬ್ಬಿ ಬದಲಿಸಲು ಆರು ತಿಂಗಳು ಬೇಕು, ಅಷ್ಟರಲ್ಲಿ ಎಷ್ಟು ಜನರ ಮೂತ್ರಪಿಂಡ ಹಾಳಾಗುತ್ತದೆ ಎಂದು ನೀನು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಸಮಿತಿಯ ನಿಯಮಗಳನ್ನು ಕೊನೇ ಪುಟದವರೆಗೆ ಓದಿದೆ. ಸೀಸೆಯೊಳಗಿನದು ಬದಲಾಗದೆ ಹೆಸರು ಮತ್ತು ಡಬ್ಬಿ ಮಾತ್ರ ಬದಲಾದರೆ ಪರೀಕ್ಷೆಗಳನ್ನು ಮತ್ತೆ ಮಾಡಬೇಕಿಲ್ಲ. ಆರು ವಾರ ಸಾಕು. ನಿನಗೆ ಆರು ತಿಂಗಳು ಅಂದ ನಿಮ್ಮ ಕಂಪನಿಯವರು ಹಳದಿ ಡಬ್ಬಿಯನ್ನು ಈಗಾಗಲೇ ರಾಶಿಗಟ್ಟಲೆ ಅಚ್ಚು ಹಾಕಿಸಿಟ್ಟುಕೊಂಡಿರಬೇಕು. ಉಗ್ರಾಣಕ್ಕೆ ಹೋಗಿ ಒಂದು ಸಲ ನೋಡಿಕೊಂಡು ಬಾ.

ನಾನು ಹೇಳಿದರೆ ರಿಟೈರಾದ ಮುದುಕನ ಗೊಣಗಾಟ. ಔಷಧಿ ಮಾಡಿದವಳೇ ಎದ್ದು ನಿಂತು ಇದಕ್ಕೆ ಬೇರೆ ಹೆಸರು ಬೇಕು ಅಂದರೆ ಸಮಿತಿ ಕಿವಿಗೊಡಲೇಬೇಕು. ನೀನು ಅನ್ನುತ್ತೀಯ. ನಿನ್ನನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಸುಮ್ಮನಿರುವ ಹೆಣ್ಣಲ್ಲ.

ಮಗನಿಗೆ ಈ ಕಾಗದ ತೋರಿಸು. ಅವನಿಗೆ ನಾನೇ ಹೇಳಬೇಕಿತ್ತು, ಧೈರ್ಯವಾಗಲಿಲ್ಲ.

ಇಂತು,
ನಿನ್ನ ಮಾವ

ತಾ.ಕ.: ಕಾಗದ ಸ್ಪೀಡ್ ಪೋಸ್ಟಿಗೆ ಹಾಕುವ ಮುಂಚೆ ಆ ನರ್ಸ್ ಇರುವಲ್ಲಿಗೆ ಹೋಗಿ ಬಂದೆ. ಈಗ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ನಾನು ಬಾಯಿ ತೆರೆಯುವ ಮೊದಲೇ ಗುರುತು ಹಿಡಿದರು. ಎಲ್ಲ ಹೇಳಿದೆ. ಗಾಜು ಒರೆಸುತ್ತಲೇ ಕೇಳಿಸಿಕೊಂಡರು. "ನಿಮಗೆ ನೆನಪಿದೆ ಅಂತ ನನಗೆ ಗೊತ್ತಿತ್ತು ಅಣ್ಣಾ. ಪೇಪರಲ್ಲಿ ನಿಮ್ಮ ಪತ್ರ ಒಂದೂ ಬಿಟ್ಟಿಲ್ಲ ನಾನು. ಇದನ್ನ ಯಾವತ್ತು ಬರೀತೀರ ಅಂತ ನೋಡ್ತಿದ್ದೆ" ಅಂದರು. ಕೂತ್ಕೊಳ್ಳಿ ಅನ್ನಲಿಲ್ಲ. ಸೋಮವಾರ ಅವರೂ ಬರುತ್ತಾರೆ. ಒಂದು ಕುರ್ಚಿ ಹಿಡಿದಿಡು. ನನ್ನ ಪಕ್ಕ ಬೇಡವಂತೆ, ನಿನ್ನ ಪಕ್ಕ.